ಒಳಚಿಲಕ

ಮಗಳ ಕಂಪ್ಯೂಟರು ಬೆಂಗಳೂರಿನಲ್ಲಿ ಮಲಗಿ ನಿದ್ದೆ ಮಾಡುತ್ತದೆ, ಇವಳು ಶಿವಮೊಗ್ಗದಲ್ಲಿ ನಮ್ಮ ಊಟದ ಮೇಜಿನ ಮುಂದೆ ಕೂತು ಅದನ್ನು ಎಬ್ಬಿಸುತ್ತಾಳೆ ಎಂದು ನಾನು ಹೇಳಿದಾಗ ಪಕ್ಕದ ಮನೆಯಾಕೆ ನಕ್ಕುಬಿಟ್ಟಿದ್ದರು. ಅದು 2020ರ ಏಪ್ರಿಲ್ ತಿಂಗಳು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತು. ಮಗಳು ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು ಹಿಡಿದು ಮಾರ್ಚಿಯಲ್ಲೇ ಮನೆಗೆ ಬಂದಿದ್ದಳು. ಅವಳು ನಿಜವಾಗಿ ಕೆಲಸ ಮಾಡುತ್ತಿದ್ದ ಯಂತ್ರ ಮಾತ್ರ ಆಫೀಸಿನ ಏಳನೆಯ ಮಹಡಿಯಲ್ಲಿ, ಅವಳ ಮೇಜಿನ ಕೆಳಗೇ ಉಳಿದಿತ್ತು.

ಬೆಳಿಗ್ಗೆ ಎಂಟೂವರೆಗೆ ಇವಳು ಇಲ್ಲಿ ಒಂದು ಗುಂಡಿ ಒತ್ತುವುದು. ಅಲ್ಲಿ, ಯಾರೂ ಇಲ್ಲದ ಆ ಕತ್ತಲೆಯ ಹಾಲಿನಲ್ಲಿ, ಒಂದು ಯಂತ್ರ ಗುರ್ರೆಂದು ಏಳುವುದು. ಹೇಗೆ ಏಳುತ್ತದೆ ಎಂದು ಕೇಳಿದೆ. ಆಫೀಸಿನಲ್ಲಿ ಎರಡು ಸಾಫ್ಟ್‌ವೇರುಗಳು ಕೈ ಜೋಡಿಸಿಕೊಂಡಿವೆಯಂತೆ. ದೂರದಲ್ಲಿರುವವರನ್ನು ಅವರವರ ಯಂತ್ರಕ್ಕೆ ಮುಟ್ಟಿಸುವುದು ಒಂದರ ಕೆಲಸ. ಯಾವ ಯಂತ್ರ ಯಾರದು, ಎಲ್ಲಿದೆ, ಎದ್ದಿದೆಯೋ ಮಲಗಿದೆಯೋ ಎಂಬ ಲೆಕ್ಕ ಇಡುವುದು ಇನ್ನೊಂದರ ಕೆಲಸ. ಅದಕ್ಕೆ ಡಿವೈಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಮೊದಲನೆಯದು ಎರಡನೆಯದಕ್ಕೆ ‘ಇವಳ ಯಂತ್ರವನ್ನು ಸ್ವಲ್ಪ ಎಬ್ಬಿಸು’ ಎನ್ನುತ್ತದೆ. ಆಗ ಎರಡನೆಯದು ಒಂದು ಪುಟ್ಟ ಸಂದೇಶ ಕಳಿಸುತ್ತದೆ. ಅದರ ಹೆಸರೇ ಮ್ಯಾಜಿಕ್ ಪ್ಯಾಕೆಟ್! ಮಂತ್ರ ಬಹಳ ಸರಳ. ಮೊದಲು ಒಂದೇ ಸಂಕೇತ ಆರು ಸಲ, ಆಮೇಲೆ ಆ ಯಂತ್ರದ ವಿಳಾಸ ಹದಿನಾರು ಸಲ. ಮಲಗಿದ್ದರೂ ಒಂದು ಕಿವಿಯನ್ನು ತೆರೆದಿಟ್ಟುಕೊಂಡಿರುವ ಯಂತ್ರ ತನ್ನ ವಿಳಾಸ ಕೇಳಿದೊಡನೆ ಎದ್ದು ಕೂರುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಇವಳನ್ನೂ ಹದಿನಾರು ಸಲ ಕೂಗಬೇಕಾಗಿತ್ತು; ಆದರೆ ಇವಳು ಏಳುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಕಂಪನಿ ಮೇಜಿನ ಕೆಳಗಿನ ಯಂತ್ರಗಳನ್ನೂ ತೆಗೆಯಿತು. ವರ್ಚುಯಲ್ ಡೆಸ್ಕ್‌ಟಾಪ್ ಬಂತು. ಈಗ ಇವಳ ಕಂಪ್ಯೂಟರು ಇವಳದೆಂದು ತೋರಿಸುವ ಡಬ್ಬಿಯೇ ಎಲ್ಲೂ ಇಲ್ಲ. ದೂರದ ದೊಡ್ಡ ಯಂತ್ರವೊಂದರ ಹೊಟ್ಟೆಯಲ್ಲಿ ಇವಳಿಗಿಷ್ಟು ಜಾಗ. ಕೆಲಸವೆಲ್ಲ ಅಲ್ಲೇ ನಡೆಯುತ್ತದೆ, ಅದರ ಚಿತ್ರ ಮಾತ್ರ ಇಲ್ಲಿಗೆ ಬರುತ್ತದೆ. ಇಲ್ಲಿಂದ ಹೋಗುವುದು ಬೆರಳು ಒತ್ತಿದ ಸುದ್ದಿ ಅಷ್ಟೇ. ಕನ್ನಡಿಯೊಳಗಿನ ಗಂಟಿನ ಹಾಗೆ ಎಂದುಕೊಂಡೆ. ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಆ ಚಿತ್ರ ಬರಬೇಕಾದರೂ ಬಾಗಿಲಲ್ಲಿ ತಪಾಸಣೆ ಉಂಟು. ಈ ಲ್ಯಾಪ್‌ಟಾಪು ನಮ್ಮ ಪಟ್ಟಿಯಲ್ಲಿದೆಯೇ, ಪಾಸ್‌ವರ್ಡ್ ಇದೆಯೇ, ವೈರಸ್ ತಡೆಯುವ ವ್ಯವಸ್ಥೆ ಸರಿ ಇದೆಯೇ ಎಂದು ನಿಗಾ ಸಾಫ್ಟ್‌ವೇರು ನೋಡಿ ‘ಸರಿ’ ಎಂದರೇ ಪ್ರವೇಶ.

ನನಗೆ ಇದು ತಪ್ಪೆಂದು ಅನ್ನಿಸಲಿಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಯಾರದೋ ಖಾತೆಯ ವಿವರ, ಯಾರದೋ ಆಸ್ಪತ್ರೆಯ ಬಿಲ್ಲು ಇವಳ ಪರದೆಯ ಮೇಲೆ ಬಂದು ಹೋಗುವಾಗ ಕಾಯುವವರು ಇರಲೇಬೇಕು. ಕಾವಲು ಎಂದರೆ ಅವಮಾನ ಎಂದುಕೊಳ್ಳುವ ಜನ ಬ್ಯಾಂಕಿನಲ್ಲಿ ಉಳಿಯುವುದಿಲ್ಲ. ನಮ್ಮಲ್ಲಿ ಸ್ಟ್ರಾಂಗ್ ರೂಮಿನ ಬಾಗಿಲಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಕ್ಯಾಷಿಯರ ಹತ್ತಿರ. ಒಬ್ಬರೇ ಬಂದರೆ ಅದು ತೆರೆಯುವುದಿಲ್ಲ. ಒಬ್ಬರು ಕಳ್ಳರೆಂದಲ್ಲ, ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು.

ಲಾಕರಿನದು ಇನ್ನೂ ಚೆಂದ. ನೀವೂ ನೋಡಿರುತ್ತೀರಿ. ಬ್ಯಾಂಕಿನವರು ತಮ್ಮ ಕೈ ತಿರುಗಿಸುತ್ತಾರೆ, ಆಮೇಲೆ ನೀವು ನಿಮ್ಮ ಕೈ ತಿರುಗಿಸುತ್ತೀರಿ. ಎರಡೂ ಬೇಕು. ಬಾಗಿಲು ಸಡಿಲವಾದೊಡನೆ ಬ್ಯಾಂಕಿನವರು ಹೊರಗೆ ನಡೆಯಬೇಕು. ನಾನು ಎಷ್ಟು ಸಾವಿರ ಸಲ ಹಾಗೆ ಹೊರಗೆ ನಡೆದಿದ್ದೇನೋ! ಒಳಗೆ ತಗಡಿನ ಪೆಟ್ಟಿಗೆ ಎಳೆದ ಸದ್ದು, ಮಡಿಸಿದ ಪ್ಲಾಸ್ಟಿಕ್ ಚೀಲದ ಚರಪರ. ಮೂವತ್ತೊಂದು ವರ್ಷದಲ್ಲಿ ಯಾರ ಲಾಕರಿನಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ, ಅದು ನನ್ನ ಹೆಮ್ಮೆ. ಗೊತ್ತಿದ್ದರೆ ಈ ಪುಸ್ತಕ ಇನ್ನೂ ದಪ್ಪವಾಗುತ್ತಿತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿತು. ಲಾಕರು ತೆರೆದ ದಿನವೇ, ಇಷ್ಟು ಹೊತ್ತಿಗೆ ತೆರೆಯಲಾಯಿತು ಎಂದು ಗ್ರಾಹಕರ ಮೊಬೈಲಿಗೆ ತಿಳಿಸಬೇಕು.

ಇಷ್ಟು ಹೇಳಿದ್ದೇಕೆಂದರೆ, ಮಗಳ ಫೋನಿನ ವಿಷಯ ಬಂದಾಗ ನನಗೆ ಮೊದಲು ನೆನಪಾದದ್ದು ಈ ಎರಡು ಬೀಗದ ಕೈಗಳು.

ಆಫೀಸಿನ ಮೇಲ್ ಫೋನಿನಲ್ಲೂ ಬರಲಿ ಎಂದು ಅವಳು ತನ್ನ ಸ್ವಂತ ಫೋನನ್ನು, ತನ್ನ ಮೊದಲ ವರ್ಷದ ಸಂಬಳದಲ್ಲಿ ಕೊಂಡದ್ದನ್ನು, ಕಂಪನಿಯ ನಿಗಾ ಸಾಫ್ಟ್‌ವೇರಿಗೆ ಸೇರಿಸಿದ್ದಳು. ಸೇರಿಸುವಾಗ ಒಂದು ಉದ್ದದ ಬರಹ ಬಂದಿತ್ತಂತೆ, ಕೆಳಗೆ ‘ಒಪ್ಪಿದೆ’ ಎಂಬ ಗುಂಡಿ. ಒತ್ತಿದಳು. ಯಾರು ಒತ್ತುವುದಿಲ್ಲ? 2021ರ ಜುಲೈಯಲ್ಲಿ ಆ ಕೆಲಸ ಬಿಟ್ಟಳು. ಕೊನೆಯ ದಿನ ಸಂಜೆ ಆರು ಗಂಟೆಗೆ ಎಲ್ಲರಿಗೂ ಕೈ ಬೀಸಿ ಲ್ಯಾಪ್‌ಟಾಪು ಮುಚ್ಚಿದಳು. ಆರೂವರೆಗೆ ಫೋನಿನ ಪರದೆ ಬಿಳಿಯಾಯಿತು. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ‘ಸ್ವಾಗತ’ ಎಂದಿತು. ಹೋದವರ ಫೋನಿನಲ್ಲಿ ಕಂಪನಿಯ ಕಾಗದ ಉಳಿಯಬಾರದೆಂದು ದೂರದಿಂದಲೇ ಅಳಿಸಿದ್ದರು. ಕಂಪನಿಯ ಭಾಗ ಮಾತ್ರ ಅಳಿಸುವ ದಾರಿಯೂ ಇದೆಯಂತೆ, ಎಲ್ಲವನ್ನೂ ಅಳಿಸುವ ದಾರಿಯೂ ಇದೆಯಂತೆ. ಯಾರೋ ಎರಡನೆಯದನ್ನು ಆರಿಸಿದ್ದರು.

ಅದರಲ್ಲಿ ನಮ್ಮ ದೊಡ್ಡಮ್ಮನ ಹಾಡುಗಳಿದ್ದವು. 2020ರ ದೀಪಾವಳಿಗೆ ತವರಿಗೆ ಹೋದಾಗ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಮಗಳು ಎರಡು ಗಂಟೆ ಹೊತ್ತು ಹಾಡಿಸಿದ್ದಳು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಂಗಿಸುವ ಹಾಡು. ಹಂಗಿಸುವ ಹಾಡಿನ ನಡುವೆ ದೊಡ್ಡಮ್ಮನಿಗೆ ನಗು ತಡೆಯಲಾಗದೆ ಕೆಮ್ಮು ಬಂದು ಅಮ್ಮ ನೀರು ತರಲು ಎದ್ದದ್ದೂ ಅದರಲ್ಲಿತ್ತು. 2021ರ ಮೇ ತಿಂಗಳಲ್ಲಿ ದೊಡ್ಡಮ್ಮ ತೀರಿಕೊಂಡಳು. ಮಗಳು ಆ ಕೆಲಸದ ಗಡಿಬಿಡಿಯಲ್ಲಿ ‘ನಾಳೆ ಇನ್ನೊಂದು ಕಡೆ ಹಾಕಿಡುತ್ತೇನೆ’ ಎಂದುಕೊಂಡೇ ಇದ್ದಳು.

ಯಾರನ್ನು ದೂರೋಣ? ಕಂಪನಿಯಲ್ಲಿ ಒಬ್ಬರಿಗೂ ಕೇಡು ಬಗೆಯುವ ಮನಸ್ಸಿರಲಿಲ್ಲ. ಮಗಳು ಫೋನು ಮಾಡಿ ಕೇಳಿದಾಗ ಆ ಹುಡುಗ ಪಾಪ, ಬಹಳ ನೊಂದುಕೊಂಡು, “ನೀವು ಒಪ್ಪಿದ್ದೀರಲ್ಲ ಮೇಡಂ” ಎಂದನಂತೆ. ಅದೂ ನಿಜವೇ. ನನ್ನನ್ನು ಕಾಡಿದ್ದು ಅದೇ. ಒಮ್ಮೆ ಒಪ್ಪಿದ್ದು ಎಂದೆಂದಿಗೂ ಒಪ್ಪಿದಂತೆಯೇ? ಲಾಕರಿಗೆ ಸಹಿ ಹಾಕುವ ದಿನ ಗ್ರಾಹಕರು ಎಷ್ಟೋ ಷರತ್ತಿಗೆ ಒಪ್ಪಿರುತ್ತಾರೆ. ಹಾಗೆಂದು ಅವರ ಕೈ ಇಲ್ಲದೆ ನಾವು ದಿನಾ ತೆರೆಯುತ್ತೇವೆಯೇ? ಬಾಡಿಗೆ ಕಟ್ಟದೆ ವರ್ಷಗಟ್ಟಲೆ ಬಿಟ್ಟರೆ ಒಡೆದು ತೆಗೆಯಬಹುದು, ನಿಜ. ಅದಕ್ಕೂ ಮುಂಚೆ ನೋಟೀಸು, ಸಾಕ್ಷಿ, ಪಟ್ಟಿ ಎಲ್ಲ ಉಂಟು. ಇಲ್ಲಿ ಒಂದೇ ಕೈ, ಅದೂ ಅವರ ಕೈ. ಅದು ತಿರುಗಿದ ಸದ್ದು ನಮಗೆ ಕೇಳುವುದೂ ಇಲ್ಲ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆಗೆ ಹೆಸರಾದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಮನುಷ್ಯನಿಗೆ ಒಳಚಿಲಕದ ಬೆಲೆ ಚೆನ್ನಾಗಿ ಗೊತ್ತಿರುತ್ತದೆಯೋ ಏನೋ. ಅವರು 2024ರಲ್ಲಿ ತೀರಿಕೊಂಡರು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ಕಾಯುವ ಕಾಯ್ದೆಯನ್ನೂ ಮಾಡಿತು. ಅದರಲ್ಲಿ ಒಪ್ಪಿಗೆಗೆ ದೊಡ್ಡ ಮಣೆಯೇ ಇದೆ. ಆದರೆ ಉದ್ಯೋಗದ ಉದ್ದೇಶಕ್ಕೆ, ಉದ್ಯೋಗ ಕೊಟ್ಟವರನ್ನು ನಷ್ಟದಿಂದ ಕಾಯುವುದಕ್ಕೆ ಎಂದರೆ, ನೌಕರರ ಒಪ್ಪಿಗೆಯಿಲ್ಲದೆಯೂ ಅವರ ಮಾಹಿತಿಯನ್ನು ಬಳಸಬಹುದು ಎಂಬ ಸಾಲೂ ಇದೆ. ಬಾಗಿಲು ಇಟ್ಟರು, ಪಕ್ಕದಲ್ಲೇ ಒಂದು ಕಿಂಡಿಯನ್ನೂ ಇಟ್ಟರು.

ಕಿಂಡಿಯಿಂದ ಎಷ್ಟು ದೂರ ಇಣುಕಬಹುದು ಎನ್ನುವುದಕ್ಕೆ ಅಮೆರಿಕದ ಒಂದು ಶಾಲೆಯ ಕಥೆಯನ್ನು ಮಗಳು ಹೇಳಿದಳು. ಪೆನ್ಸಿಲ್ವೇನಿಯಾ ರಾಜ್ಯದ ಲೋವರ್ ಮೆರಿಯನ್ ಎಂಬ ಕಡೆ ಹೈಸ್ಕೂಲಿನ ಮಕ್ಕಳಿಗೆಲ್ಲ ಶಾಲೆಯೇ ಲ್ಯಾಪ್‌ಟಾಪು ಕೊಟ್ಟಿತ್ತು, ಸುಮಾರು 2,300. ಅವುಗಳ ಮೇಲೆ ನಿಗಾ ಇಡುವ ಸಾಫ್ಟ್‌ವೇರಿನಲ್ಲಿ, ಯಂತ್ರ ಕಳುವಾದರೆ ಕಳ್ಳನ ಮುಖ ಸಿಗಲಿ ಎಂದು, ಕ್ಯಾಮೆರಾ ತಾನಾಗಿಯೇ ಚಿತ್ರ ತೆಗೆಯುವ ಏರ್ಪಾಡು. 2009ರ ನವೆಂಬರಿನಲ್ಲಿ ಒಬ್ಬ ಹುಡುಗನನ್ನು ಉಪಮುಖ್ಯೋಪಾಧ್ಯಾಯಿನಿ ಕರೆದು, ಮನೆಯಲ್ಲಿ ನೀನು ಮಾಡಬಾರದ್ದು ಮಾಡುತ್ತಿದ್ದೀ ಎಂದರು. ಸಾಕ್ಷಿ, ಅವನ ಲ್ಯಾಪ್‌ಟಾಪೇ ತೆಗೆದ ಚಿತ್ರ. ಅವನ ಕೈಯಲ್ಲಿದ್ದದ್ದನ್ನು ಅವರು ಮಾದಕ ಮಾತ್ರೆ ಎಂದುಕೊಂಡಿದ್ದರು; ಪೆಪ್ಪರಮಿಂಟಿನಂಥ ಮಿಠಾಯಿ ಅದು ಎಂದ ಹುಡುಗ. 2010ರ ಫೆಬ್ರವರಿಯಲ್ಲಿ ತಂದೆತಾಯಿ ನ್ಯಾಯಾಲಯಕ್ಕೆ ಹೋದರು. ಹುಡುಕಿದಾಗ 50,000ಕ್ಕೂ ಹೆಚ್ಚು ಚಿತ್ರಗಳು ಸಿಕ್ಕವು, ಮಕ್ಕಳು ಮಲಗಿ ನಿದ್ದೆ ಮಾಡುವ ಚಿತ್ರವೂ ಸೇರಿ. ಅಪರಾಧದ ಉದ್ದೇಶ ಕಾಣಲಿಲ್ಲವೆಂದು ಸರ್ಕಾರಿ ವಕೀಲರು ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಶಾಲೆಯವರು 6,10,000 ಡಾಲರು ಕೊಟ್ಟು ರಾಜಿಯಾದರು.

ಅಲ್ಲಿಯೂ ನೋಡಿ, ಉದ್ದೇಶ ಕೆಟ್ಟದ್ದಲ್ಲ. ಲ್ಯಾಪ್‌ಟಾಪು ಕಳೆಯಬಾರದು ಅಷ್ಟೇ.

ತಮಾಷೆಯೆಂದರೆ, ಇಣುಕದೆಯೇ ಕಾಯುವ ದಾರಿ ಈ ವಿದ್ಯೆಯಲ್ಲೇ ಇದೆ. ವರ್ಚುಯಲ್ ಡೆಸ್ಕ್‌ಟಾಪಿನ ಮಾತು ಹೇಳಿದೆನಲ್ಲ, ಕಾಗದಪತ್ರ ಅವರ ಮನೆಯಲ್ಲೇ ಇದ್ದು ನಮ್ಮ ಮನೆಗೆ ಚಿತ್ರ ಮಾತ್ರ ಬರುವುದಾದರೆ ಅವರು ನಮ್ಮ ಮನೆಯೊಳಗೆ ಬಂದು ಅಳಿಸುವಂಥದ್ದು ಏನಿದೆ? ಇವಳು ಕೆಲಸ ಬಿಟ್ಟ ದಿನ ಅವರ ಬಾಗಿಲು ಅವರು ಹಾಕಿಕೊಂಡರೆ ಮುಗಿಯಿತು. ಫೋನಿನಲ್ಲೂ ಆಫೀಸಿಗೇ ಒಂದು ಬೇರೆ ಖಾನೆ ಮಾಡಿ, ಅದರ ಮೇಲೆ ಪುಟ್ಟ ಚೀಲದ ಗುರುತು ಹಾಕಿ, ಆಚೆಯ ಖಾನೆಗೆ ಕಂಪನಿಯ ಕಣ್ಣು ಬೀಳದ ಹಾಗೆ ಇಡಬಹುದು. ಈಗಿನ ಕೆಲಸದಲ್ಲಿ ಮಗಳ ಫೋನಿನಲ್ಲಿ ಹಾಗೇ ಇದೆ. ತಮ್ಮದನ್ನು ತಮ್ಮಲ್ಲೇ ಇಟ್ಟುಕೊಂಡವರಿಗೆ ಪರರ ಉಗ್ರಾಣದ ಬೀಗದ ಕೈ ಬೇಕಾಗುವುದಿಲ್ಲ. ಆದರೂ ಎಷ್ಟೋ ಕಡೆ ಇಡೀ ಫೋನಿನ ಕೈಯನ್ನೇ ಕೇಳುತ್ತಾರೆ, ಹಾಗೆ ಕೇಳುವುದು ಸುಲಭ ಎಂಬ ಕಾರಣಕ್ಕೆ. ಇದನ್ನು ನಾನು ಬಹಳ ಜೋರಾಗಿ, ನಾಲ್ಕು ಜನ ಸೇರಿದ ಕಡೆಯೆಲ್ಲ ಹೇಳುತ್ತಿದ್ದೆ. ನನ್ನ ಕಡೆ ತಪ್ಪಿಲ್ಲ ಎಂಬ ಧೈರ್ಯ.

ಹಾಡುಗಳು ಹೋದವೆಂದು ತಿಳಿದಾಗ ಅಮ್ಮ ಅಳಲಿಲ್ಲ. “ಹೋಗ್ಲಿ ಬಿಡು, ನಂಗೆ ನೆನಪಿರೋಷ್ಟು ನಾನೇ ಬರೀತೀನಿ” ಅಂದಳು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು, ಆಗ 79 ವರ್ಷ. ಕೈ ನಡುಗುವುದರಿಂದ ಪೆನ್ನು ಹಿಡಿಯುವುದು ಕಷ್ಟ, ಗುಂಡಿ ಒತ್ತಬಲ್ಲಳು. ಮಗಳ ಹಳೆಯ ಲ್ಯಾಪ್‌ಟಾಪಿಗೆ ‘ನುಡಿ’ ಹಾಕಿಸಿ ತೀರ್ಥಹಳ್ಳಿಯ ಹತ್ತಿರದ ನಮ್ಮ ತವರಿಗೆ ಕಳಿಸಿದೆವು. ಎರಡು ತಿಂಗಳಲ್ಲಿ ಅಮ್ಮ ಒತ್ತಕ್ಷರವನ್ನೆಲ್ಲ ಪಳಗಿಸಿಕೊಂಡಳು. ಒಂದು ಹಾಡಿನ ನಡುವೆ ಸಾಲು ಮರೆತರೆ ಅಲ್ಲಿ ಚುಕ್ಕಿ ಚುಕ್ಕಿ ಹಾಕಿ, ‘ಇದು ಅಕ್ಕನಿಗೆ ಗೊತ್ತಿತ್ತು’ ಎಂದು ಬರೆದಿಡುತ್ತಿದ್ದಳು.

ಅಕ್ಷರ ಮಾಯವಾಯಿತು, ಪರದೆ ತಲೆಕೆಳಗಾಯಿತು ಎಂದು ದಿನಾ ಫೋನು. ಅರವತ್ತು ಕಿಲೋಮೀಟರು ಹೋಗಿ ಸರಿ ಮಾಡಲಿಕ್ಕಾಗುತ್ತದೆಯೇ? ಮಗಳು ದೂರದಿಂದಲೇ ಆ ಲ್ಯಾಪ್‌ಟಾಪಿನ ಪರದೆ ನನ್ನ ಕಂಪ್ಯೂಟರಿನಲ್ಲಿ ಕಾಣುವ ಏರ್ಪಾಡು ಮಾಡಿದಳು. ಇಲ್ಲಿ ಒಂದು ತೊಡಕು ಬಂತು. ಪ್ರತಿ ಸಲ ಅಮ್ಮ ‘ಒಪ್ಪಿದೆ’ ಎಂದು ಒತ್ತಬೇಕು. ನಾನು ಬೇಡ ಅಂದೆ. ಇಂಥದೇ ಸಾಫ್ಟ್‌ವೇರು ಬಳಸಿ ಮೋಸಗಾರರು ಒಂಬತ್ತು ಅಂಕಿಯ ಸಂಖ್ಯೆ ಕೇಳಿ ಖಾತೆ ಖಾಲಿ ಮಾಡುತ್ತಾರೆಂದು 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕು ಎಚ್ಚರಿಸಿತ್ತು. ಅಮ್ಮನಿಗೆ ಒಪ್ಪಿಗೆ ಒತ್ತುವ ಅಭ್ಯಾಸವಾದರೆ ನಾಳೆ ಯಾರಿಗಾದರೂ ಒತ್ತಿಯಾಳು. ಆದ್ದರಿಂದ ಯಾರನ್ನೂ ಕೇಳದೆ ನಾನೇ ಒಳಗೆ ಹೋಗುವ ಪಾಸ್‌ವರ್ಡು ಇಡಿಸಿದೆ. ಅವಳ ರಕ್ಷಣೆಗೆ ಅವಳ ಒಪ್ಪಿಗೆಯನ್ನೇ ತೆಗೆದುಹಾಕಿದೆ. ಅಂದು ಇದು ನನಗೆ ಹೊಳೆಯಲೇ ಇಲ್ಲ, ನಂಬುತ್ತೀರೋ ಇಲ್ಲವೋ.

2022ರ ಜೂನ್ ತಿಂಗಳು, ಜಡಿಮಳೆ. ಬೆಳಗಿನಿಂದ ಅಮ್ಮ ಫೋನು ಎತ್ತಲಿಲ್ಲ. ಗಾಬರಿಯಾಗಿ ಕಂಪ್ಯೂಟರು ತೆರೆದು ಅವಳ ಪರದೆಯೊಳಗೆ ಹೋದೆ. ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಸದ್ಯ, ಇದ್ದಾಳೆ! ಅಷ್ಟಕ್ಕೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಅಮ್ಮ ಮೈಸೂರಿನ ನನ್ನ ತಮ್ಮನಿಗೆ ಬರೆಯುತ್ತಿದ್ದಳು. ‘ಮಳೆಗಾಲ ಮುಗಿಯುವವರೆಗೆ ಬಂದಿರು ಎಂದು ಅಕ್ಕ ಕರೆಯುತ್ತಾಳೆ. ಹೋಗಲು ಮನಸ್ಸಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಅದಕ್ಕಲ್ಲ. ಅಲ್ಲಿ ನನ್ನ ಕೋಣೆಗೆ ಚಿಲಕವಿಲ್ಲ. ಅವಳಿಗೆ ಹೇಳಬೇಡ.’

ಚಿಲಕ ತೆಗೆಸಿದ್ದು ನಾನೇ. 2018ರಲ್ಲಿ ಅಮ್ಮ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದಿದ್ದಾಗ, ನಮ್ಮ ಬೀದಿಯ ಒಬ್ಬ ಅಜ್ಜಿ ಬಚ್ಚಲಲ್ಲಿ ಬಿದ್ದು, ಒಳಗಿಂದ ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯಬೇಕಾಗಿತ್ತು. ಮರುದಿನವೇ ಬಡಗಿಯನ್ನು ಕರೆಸಿ ಅಮ್ಮನ ಕೋಣೆಯದು, ಬಚ್ಚಲಿನದು, ಎರಡೂ ಚಿಲಕ ಬಿಚ್ಚಿಸಿದ್ದೆ. ಅಮ್ಮ ಏನೂ ಅಂದಿರಲಿಲ್ಲ. ಸೀರೆ ಉಡುವಾಗ ಬಾಗಿಲಿಗೆ ಕುರ್ಚಿ ಒತ್ತಿಡುತ್ತಿದ್ದಳು. ನಾನು ಅದನ್ನು ನೋಡಿಯೂ ಇದ್ದೆ.

ಮೂರು ದಿನ ನನಗೆ ಊಟ ರುಚಿಸಲಿಲ್ಲ. ಚಿಲಕ ಹಾಕಿಸಿ ಸುಮ್ಮನಿದ್ದುಬಿಡಬಹುದಿತ್ತು. ಆಗ ತಮ್ಮ ಹೇಳಿಬಿಟ್ಟ ಎಂದು ಅಮ್ಮ ತಿಳಿಯುತ್ತಿದ್ದಳು. ಗೊತ್ತಿಲ್ಲದವಳ ಹಾಗೆ ಇದ್ದುಬಿಡಲೂಬಹುದಿತ್ತು. ಆಗ ಆ ಕೋಣೆ ಹಾಗೇ ಇರುತ್ತಿತ್ತು. ಲಾಕರಿನ ಕೋಣೆಯಿಂದ ಅಷ್ಟು ಸಾವಿರ ಸಲ ಹೊರಗೆ ನಡೆದ ಕಾಲು ಇದೊಂದು ಕಡೆ ಯಾಕೆ ಏಳಲಿಲ್ಲ? ಪ್ರೀತಿ ಇತ್ತು ಎನ್ನಲೇ? ಆ ಶಾಲೆಯವರಿಗೂ ಮಕ್ಕಳ ಮೇಲೆ ಪ್ರೀತಿ ಇದ್ದಿರಬೇಕು.

ನಾಲ್ಕನೆಯ ದಿನ ಬಸ್ಸು ಹತ್ತಿ ಹೋದೆ. ಅಡುಗೆಮನೆಯಲ್ಲಿ ಅಮ್ಮ ಹಲಸಿನ ಬೀಜ ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

“ಎಷ್ಟು ಸಲ ನೋಡಿದ್ದೀ?”

“ಅದೊಂದೇ ಸಲ” ಎಂಬ ಮಾತು ಬಾಯಿಯವರೆಗೆ ಬಂದಿತ್ತು. “ಆರೇಳು ಸಲ ಅಮ್ಮ. ಉಳಿದಾಗೆಲ್ಲ ನೀನು ಹಾಡು ಬರೀತಿದ್ದೆ” ಅಂದೆ.

“ತಪ್ಪು ಸಾಲು ಅಳಿಸಿ ಅಳಿಸಿ ಬರೀತಿದ್ದದ್ದೂ ಕಂಡಿತಾ?”

“ಕಂಡಿತು.”

ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾದದ್ದು ಎಂದು ಕಾಣುತ್ತದೆ. ಮುಖ ತಿರುಗಿಸಿಕೊಂಡಳು. ಕಾಗದದ ವಿಷಯ ಅವಳು ಆಮೇಲೆ ಎತ್ತಲೇ ಇಲ್ಲ, ಇಂದಿಗೂ ಎತ್ತಿಲ್ಲ.

ಮಗಳಿಗೆ ಹೇಳಿ ಆ ಪಾಸ್‌ವರ್ಡು ತೆಗೆಸಿದೆ. ಈಗ ಮೊದಲು ಫೋನು ಮಾಡಿ, “ಅಮ್ಮ, ಬರ್ಲಾ?” ಎಂದು ಕೇಳಬೇಕು. ಅವಳು ‘ಒಪ್ಪಿದೆ’ ಒತ್ತಿದರೆ ಮಾತ್ರ ಪರದೆ ಕಾಣುವುದು. ನನ್ನ ದನಿ ಕೇಳಿದರೆ ಮಾತ್ರ ಒತ್ತಬೇಕು, ಬೇರೆ ಯಾರು ಹೇಳಿದರೂ ಕೂಡದು ಎಂದು ಕಲಿಸಿದ್ದಾಯಿತು; ಅರ್ಧ ಗಂಟೆಯ ಕೆಲಸ. ಟೀಚರಾಗಿದ್ದವಳಿಗೆ ಅಷ್ಟು ಕಲಿಯಲಾಗದು ಎಂದು ನಾನು ಹೇಗೆ ಎಣಿಸಿದೆನೋ! ಕೆಲವು ಸಲ, “ಇರು, ಹತ್ತು ನಿಮಿಷ” ಎನ್ನುತ್ತಾಳೆ. ಕಾಯುತ್ತೇನೆ. ಒಂದು ಸಲ, “ಇವತ್ತು ಬೇಡ ಮಾರಾಯ್ತಿ” ಎಂದೂ ಅಂದಳು.

ಆ ವರ್ಷ ಶ್ರಾವಣದಲ್ಲಿ ಅಮ್ಮ ಶಿವಮೊಗ್ಗಕ್ಕೆ ಬರುವ ಮುಂಚೆ ಬಡಗಿ ಬಂದು ಎರಡೂ ಬಾಗಿಲಿಗೆ ಹೊಸ ಚಿಲಕ ಹಾಕಿದ. ಒಳಗಿಂದ ತಿರುಗಿಸುವಂಥದು, ಹೊರಗಿನ ಮುಖದಲ್ಲಿ ಒಂದು ಸಣ್ಣ ಗೀರು ಇದೆ, ಅದಕ್ಕೆ ನಾಣ್ಯ ತೂರಿಸಿ ತಿರುವಿದರೆ ಅಪಾಯದ ಹೊತ್ತಿಗೆ ಹೊರಗಿಂದಲೂ ತೆರೆಯಬಹುದು. ಅಮ್ಮ ಕೋಣೆಗೆ ಹೋದವಳು ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. ಆಮೇಲೆ ಹೊರಗೆ ಬಂದು ಬಾಗಿಲಿನ ಈಚೆಯ ಮುಖಕ್ಕೆ ಕನ್ನಡಕ ಹತ್ತಿರ ಹಿಡಿದು ಬಗ್ಗಿದಳು.

“ಇದೆಂತದು ಗೀರು?”

ಹೇಳಿದೆ. ನಾಣ್ಯವನ್ನೂ ತೋರಿಸಿದೆ.

ಅಮ್ಮ ಆ ಎರಡು ರೂಪಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಗೀರಿಗೆ ಹಾಕಿ ತಿರುವಿ ನೋಡಿ, ತಿರುಗುತ್ತದೆ ಎಂದು ಖಾತ್ರಿ ಮಾಡಿಕೊಂಡು, ನಾಣ್ಯವನ್ನು ಬಾಗಿಲ ಚೌಕಟ್ಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

“ಇಲ್ಲೇ ಇರ್ಲಿ. ಮೊದಲು ಬಾಗಿಲು ಬಡಿ” ಅಂದು ಒಳಗೆ ಹೋದಳು.